ಮಾಸ್ತರರ ಎದೆಯ ಸದ್ದು

ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಗಣಿತದ ಮಾಸ್ತರರು ಎಂಬತ್ತರ ದಶಕದಲ್ಲಿ ಮುಂಬಯಿಗೆ ಹೋಗಿ ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡು ಬಂದಿದ್ದರು. ಹತ್ತಿರ ಕುಳಿತರೆ ಅವರ ಎದೆಯೊಳಗಿನ ಟಿಕ್ ಟಿಕ್ ಸಣ್ಣಗೆ ಕೇಳುತ್ತಿತ್ತು. ಆರೋಗ್ಯ ವಿಚಾರಿಸಿದವರಿಗೆಲ್ಲ ಎದೆ ತಟ್ಟಿಕೊಂಡು, "ನಡದೈತಿ ನೋಡ್ರಿ," ಎಂದು ನಗುತ್ತಿದ್ದರು. ರಕ್ತ ಹೆಪ್ಪುಗಟ್ಟಿದರೆ ಕವಾಟ ನಿಂತೇ ಹೋಗಬಹುದು, ಗುಳಿಗೆ ತಪ್ಪಿಸಬೇಡಿ ಎಂದು ಡಾಕ್ಟರು ಹೆದರಿಸಿದ್ದನ್ನೂ ಅದೇ ನಗೆಯಲ್ಲಿ ಹೇಳುತ್ತಿದ್ದರು. ಇಷ್ಟು ನಿಶ್ಚಿಂತೆಯ ಮನೆ ಊರಲ್ಲಿ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಹೋದಾಗ ಅವರು ಪಡಸಾಲೆಯಲ್ಲಿ ಮಲಗಿ ನಿದ್ದೆಹೋಗಿದ್ದರು. ಗೋಡೆಯ ಗಡಿಯಾರ ನಿಂತಿದ್ದು ಕಂಡು ಚಾವಿ ಕೊಡಲು ಕೈಯೆತ್ತಿದೆ. ಅಲ್ಲೇ ಅಕ್ಕಿ ಹಸನು ಮಾಡುತ್ತಿದ್ದ ಅವರ ಹೆಂಡತಿ ಗಾಬರಿಯಿಂದ ಎದ್ದು ಬಂದು ನನ್ನ ಕೈ ಹಿಡಿದರು.

"ಬ್ಯಾಡ ತಂಗಿ," ಎಂದರು ಮೆಲ್ಲಗೆ. "ಅದು ನಡದ್ರ ಇವರದು ಕೇಳೂದಿಲ್ಲ."