ತಳ ಸೇರದ ಮಣ್ಣು

ಮಿಸೌರಿ ನದಿ ದಂಡೆಯ ಆ ಸಣ್ಣ ಊರಿನವರು ಇಪ್ಪತ್ತೊಂಬತ್ತು ವರ್ಷ ಕುಡಿದದ್ದು ವರ್ನೀಟಾ ಕ್ರೌಚ್ ಶುದ್ಧ ಮಾಡಿ ಬಿಟ್ಟ ನೀರನ್ನೇ. ನೀರಿನ ಘಟಕದಲ್ಲಿ ಆಕೆ ಆಪರೇಟರ್. ಮಾತು ಒರಟು, ಕಣ್ಣು ಚುರುಕು. ನದಿಯನ್ನು ನಂಬುವವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

ಆ ಏಪ್ರಿಲ್‌ನ ನೆರೆಯಿಂದ ಊರಿಗೆ ಎರಡು ದಿನ ನೀರಿರಲಿಲ್ಲ. ಜನರ ಬೈಗುಳಕ್ಕೆ ಹೈರಾಣಾದ ಹೊಸ ಮೇಲಧಿಕಾರಿ ಟ್ರೆಂಟ್ ಹಾಸ್ಕಿನ್ಸ್ ನದಿ ನೀರು ನಿಲ್ಲಿಸಿದ್ದ ತೊಟ್ಟಿಯೊಳಗೆ ಇಣುಕಿದ.

"ಮರಳು, ಕೆಸರು ಎಲ್ಲಾ ಕೂತಿದೆ. ಉಳಿದ ಮಸುಕೂ ಮಧ್ಯಾಹ್ನದ ಹೊತ್ತಿಗೆ ಕೂತ್ಕೊಳ್ಳತ್ತೆ. ಆಮೇಲೆ ಬಿಟ್ಬಿಡಿ ವರ್ನೀಟಾ, ಫಿಲ್ಟರ್ ಇದೆಯಲ್ಲ!"

"ಮಧ್ಯಾಹ್ನ ಯಾಕೆ, ಕ್ರಿಸ್‌ಮಸ್‌ವರೆಗೂ ಕಾಯ್ತಾ ಇರು ಮರಿ. ಕೂರಲ್ಲ ಅದು."

ಆಕೆ ಒಂದು ಗಾಜಿನ ಜಾಡಿಯಲ್ಲಿ ದಂಡೆಯ ಮಣ್ಣು ಕಲಕಿದಳು. ನೋಡನೋಡುತ್ತಲೇ ಮರಳು ತಳಕ್ಕಿಳಿಯಿತು. ಇನ್ನೊಂದರಲ್ಲಿ ತೊಟ್ಟಿಯ ನೀರು ತುಂಬಿ ಪಕ್ಕದಿಂದ ಟಾರ್ಚ್ ಹಿಡಿದಳು. ಬೆಳಕು ನೀರಿನೊಳಗೆ ಬಿಳಿ ಪಟ್ಟಿಯಾಗಿ ಎದ್ದು ಕಂಡಿತು.

"ಅದು ಭಾರ, ತಾನೇ ಬೀಳತ್ತೆ. ಇದು ಜೇಡಿಮಣ್ಣಿನ ಕಣ, ತೀರಾ ಸಣ್ಣದು. ಒಂದನ್ನೊಂದು ತಳ್ಕೊಂಡು ತೇಲ್ತಾನೇ ಇರತ್ತೆ. ನಿನ್ನ ಫಿಲ್ಟರ್‌ನಲ್ಲೂ ನುಸುಳತ್ತೆ, ಜೊತೆಗೆ ರೋಗಾನೂ ಮನೆಮನೆಗೆ ಕರ್ಕೊಂಡು ಹೋಗತ್ತೆ."

"ಹಾಗಾದ್ರೆ ಪಟಿಕ ಎರಡು ಪಟ್ಟು ಸುರೀರಿ!"

ವರ್ನೀಟಾ ನಕ್ಕು, ತೊಟ್ಟಿಯ ನೀರು ತುಂಬಿದ ಆರು ಜಾಡಿ ಸಾಲಾಗಿಟ್ಟಳು. ಒಂದಕ್ಕಿಂತ ಒಂದಕ್ಕೆ ಪಟಿಕ ಹೆಚ್ಚು ಹಾಕಿ ನಿಧಾನವಾಗಿ ಕಲಕಿದಳು. ಮೂರನೆಯದರಲ್ಲಿ ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಚೂರುಗಳಂತೆ ತಳಕ್ಕಿಳಿದವು. ಆರನೆಯದು ಮಸುಕಾಗಿಯೇ ಉಳಿಯಿತು. ಅತಿಯಾದರೆ ಅಮೃತವೂ ವಿಷ.

"ಮೂರನೇ ಅಳತೆ. ತೊಟ್ಟಿ ಪೂರ್ತಿ ತಿಳಿಯಾಗೋಕೆ ರಾತ್ರಿಯೆಲ್ಲಾ ಬೇಕು. ನೀರು ಬಿಡೋದು ನಾಳೆ ಬೆಳಿಗ್ಗೆ," ಎಂದಳು.

"ಊರೇ ಕಾಯ್ತಿದೆ. ಒಂದು ದಿನ ಸ್ವಲ್ಪ ಮಸುಕು ನೀರು ಕುಡಿದ್ರೆ ಏನಾಗತ್ತೆ?"

ವರ್ನೀಟಾಳ ನಗು ಆರಿತು.

"ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ಹೀಗೇ ಅಂದ್ಕೊಂಡು ಮಸುಕು ನೀರು ಬಿಟ್ಟೆ. ಇಪ್ಪತ್ಮೂರು ಜನ ಆಸ್ಪತ್ರೆ ಸೇರಿದ್ರು. ಅದರಲ್ಲಿ ನನ್ನ ಮಗಳೂ ಒಬ್ಬಳು, ನಾಲ್ಕು ವರ್ಷದವಳು. ಉಳ್ಕೊಂಡ್ಳು. ಆದ್ರೆ ಅವಳಿಗೆ ಆ ನೀರು ಕುಡಿಸಿದ್ದು ನಾನೇ, ಈ ಕೈಯಿಂದ."

ಆಕೆ ತನ್ನನ್ನು ಎಂದೂ ಕ್ಷಮಿಸಿಕೊಂಡಿರಲಿಲ್ಲ. ಅದು ಟ್ರೆಂಟ್‌ಗೂ ಅರ್ಥವಾಯಿತು. ಅವನು ಮೇಯರ್‌ಗೆ ಫೋನ್ ಮಾಡಿದ.

"ನಾಳೆವರೆಗೆ ನೀರು ಬಿಡಲ್ಲ ಸರ್... ಬೈಯೋದಿದ್ರೆ ನನ್ನನ್ನೇ ಬೈರಿ. ನನ್ನ ಮನೇಲೂ ಮೂರು ವರ್ಷದ ಮಗು ಇದೆ."