ನಡುಆಟದಲ್ಲಿ ಹೊದ್ದ ಶಾಲು

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಮೊಳೆಗೆ ಕೇಸರಿ ಅಂಚಿನ ಶಾಲೊಂದು ತೂಗುತ್ತಿತ್ತು. ಬಂದವರು ಅದೇನೆಂದು ಕೇಳಲಿ ಎಂದೇ ಅಲ್ಲಿ ಹಾಕಿದ್ದೆ, ಗೆಳೆಯರೇ. ಕೇಳದವರಿಗೆ ಚಹಾ ತಡವಾಗಿ ಬರುವಂತೆಯೂ ನೋಡಿಕೊಳ್ಳುತ್ತಿದ್ದೆ.

ಆ ಶಾಲಿಗೆ ಮೂಲ ನಾನು ಬರೆದ ಏಕೈಕ ಹಾಸ್ಯ ಕಾದಂಬರಿ, ‘ಅಳಿಯನ ಹಲ್ಲುನೋವು’. ಹಬ್ಬಕ್ಕೆ ಮಾವನ ಮನೆಗೆ ಹೋದ ಅಳಿಯ ಹಲ್ಲುನೋವನ್ನು ಮುಚ್ಚಿಡಲು ಪಡುವ ಪಾಡು ಅದರ ಕಥೆ. ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಖಾಜಾಸಾಬರು ತಮ್ಮ ಹವ್ಯಾಸಿ ತಂಡಕ್ಕೆ ಅದನ್ನು ನಾಟಕ ಮಾಡಿದರು. ಕಲಬುರಗಿಯ ಮೊದಲ ಪ್ರಯೋಗದಲ್ಲಿ ಸಭೆ ಎಷ್ಟು ಗಂಭೀರವಾಗಿತ್ತೆಂದರೆ, ಅಳಿಯ ಹೋಳಿಗೆ ಕಚ್ಚಿ ನರಳಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು, “ಲವಂಗ ಇಟಗೋ ತಮ್ಮಾ” ಎಂದು ಮರುಗಿದರು. ಇನ್ನೊಂದು ಆಟವೂ ಹೀಗಾದರೆ ನಾಟಕ ನಿಲ್ಲಿಸುವುದಾಗಿ ಖಾಜಾಸಾಬರು ಮೆಲ್ಲಗೆ ತಿಳಿಸಿದರು. ಪ್ರೇಕ್ಷಕರಿಗೆ ಅಭಿರುಚಿಯಿಲ್ಲವೆಂದು ನಾನು ತೀರ್ಮಾನಿಸಿದೆ.

ಎರಡನೆಯ ಆಟ ಕಮಲಾಪುರದಲ್ಲಿ. ನಾಟಕವನ್ನು ನಡುವೆಯೇ ನಿಲ್ಲಿಸಿ ಬೇಕಾದವರಿಗೆ ಆಯೇರಿ ಮಾಡಿ, ಎಂದರೆ ಉಡುಗೊರೆ ಕೊಟ್ಟು, ಗೌರವಿಸುವುದು ನಮ್ಮ ಕಡೆಯ ರೂಢಿ. ಅಳಿಯ ಬಾಯಿ ತೆರೆದು ನರಳುತ್ತಿದ್ದಾಗಲೇ ಊರ ಹಿರಿಯರೊಬ್ಬರು ರಂಗವೇರಿ, ನನ್ನನ್ನು ಕರೆದು ಶಾಲು ಹೊದಿಸಿ, ಕೆಂಪು ಬಾಳೆಹಣ್ಣಿನ ದೊಡ್ಡ ಚಿಪ್ಪೊಂದನ್ನು ಕೈಗಿಟ್ಟು, “ಎರಡು ಮಾತು ಹೇಳ್ರಿ” ಎಂದರು. ಎರಡು ಮಾತಿಗೆ ನಾನು ಎಂದೂ ನಿಂತವನಲ್ಲ. ಹಣ್ಣನ್ನು ಎದೆಗವಚಿಕೊಂಡು, ಹಾಸ್ಯವೇ ಎಲ್ಲಕ್ಕಿಂತ ಗಂಭೀರವಾದ ರಸವೆಂದು ವಿವರಿಸತೊಡಗಿದೆ. ಪಕ್ಕದಲ್ಲಿ ಅಳಿಯ, ಬಾಯಿ ಮುಚ್ಚಬೇಕೋ ಬೇಡವೋ ತಿಳಿಯದೆ ತೆರೆದೇ ನಿಂತಿದ್ದ. ಜನ ಬಿದ್ದು ಬಿದ್ದು ನಕ್ಕರು. ನಾನು ಕೆಮ್ಮಿ ಶಾಲು ಸರಿಮಾಡಿಕೊಂಡರೆ ಮತ್ತೂ ನಕ್ಕರು. ಕೊನೆಗೂ ನನ್ನ ಹಾಸ್ಯ ಇವರಿಗೆ ಅರ್ಥವಾಯಿತೆಂದು ಹಿಗ್ಗಿದೆ.

ಮರುದಿನ ಖಾಜಾಸಾಬರು ಮನೆಗೆ ಬಂದರು. “ಸರ್, ಮುಂದಿನ ಆಟಕ್ಕೂ ನೀವು ಬರಬೇಕ್ರಿ. ಅದೇ ಶಾಲು, ಅದೇ ಭಾಷಣ. ಮಂದಿ ನಿಮ್ಮನ್ನ ನಾಟಕದಾಗಿನ ಪಾತ್ರ ಅಂತ ತಿಳದಾರ.”

ಅವಮಾನವಾಯಿತು, ನಿಜ. ಆದರೆ ನಾಟಕ ಉಳಿಯಬೇಕಲ್ಲ. ತ್ಯಾಗಿಯ ಮುಖ ಹೊತ್ತು ಹೋದೆ. ಆರು ಆಟಗಳಲ್ಲಿ ಅದೇ ಶಾಲನ್ನು ಹೊದಿಸಿಕೊಂಡೆ. ನಗಿಸುವ ಆಸೆಯಿಂದ ಕೆಮ್ಮನ್ನು ಉದ್ದ ಮಾಡಿದೆ, ಬಾಳೆಹಣ್ಣನ್ನು ಬೀಳಿಸಿ ಹಿಡಿದೆ. ನಗು ಮಾತ್ರ ಆಟದಿಂದ ಆಟಕ್ಕೆ ಇಳಿಯುತ್ತ ಹೋಯಿತು.

“ನೀವೀಗ ನಟನೆ ಮಾಡಾಕತ್ತೀರಿ ಸರ್,” ಎಂದರು ಖಾಜಾಸಾಬರು ಸಂಕೋಚದಿಂದ. “ಕಮಲಾಪುರದಾಗ ಖರೇನ ದೊಡ್ಡ ಮನಶ್ಯಾ ಆಗಿದ್ರಿ. ಈ ಪಾತ್ರ ಬ್ಯಾರೇದವರಿಗೆ ಕೊಡೂನ್ರಿ. ಶಾಲು ಅಷ್ಟ ಬೇಕಾಗ್ತದ.”

ನನ್ನ ಪಾತ್ರದಿಂದಲೇ ನನ್ನನ್ನು ತೆಗೆದುಹಾಕಿದ್ದರು. ಶಾಲನ್ನು ಎರಡು ಸಲ ಬಿಚ್ಚಿ ಮಡಿಚಿ ಕೊಟ್ಟೆ.

ಮುಂದಿನ ಆಟವನ್ನು ಹೆಂಡತಿಯ ಪಕ್ಕದಲ್ಲಿ ಕುಳಿತು ನೋಡಿದೆ. ನನ್ನ ಪಾತ್ರಕ್ಕೆ ಬಂದ ಹೊಸ ನಟ ಶಾಲು ಸರಿಮಾಡಿಕೊಂಡ, ಕೆಮ್ಮಿದ, ಹಣ್ಣನ್ನು ಕೂಸಿನಂತೆ ಅವಚಿಕೊಂಡು ಗಂಭೀರ ರಸದ ಮಾತು ತೆಗೆದ. ಸಭೆ ಉರುಳಾಡಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಮನ್ಯಾಗ ನೀವು ದಿನಾ ಹಿಂಗ ಮಾತಾಡ್ತೀರಿ ನೋಡ್ರಿ” ಎಂದಳು. ಮೊದಲು ಸಿಟ್ಟು ಬಂತು. ಆಮೇಲೆ ತಡೆಯಲಾರದೆ ನನಗೂ ನಗು ಬಂತು. ಆ ಕಾದಂಬರಿಯನ್ನು ಬರೆಯುವಾಗ ನಾನು ಒಮ್ಮೆಯೂ ನಕ್ಕಿರಲಿಲ್ಲವೆಂಬುದು ಆಗ ನೆನಪಾಯಿತು.

ಮೊಳೆಗೆ ಈಗ ಸಂತೆಚೀಲ ತೂಗುತ್ತದೆ, ಬಂದವರಿಗೆಲ್ಲ ಚಹಾ ಬೇಗನೆ ಬರುತ್ತದೆ. ಅವರು ಕಪ್ಪು ಕೆಳಗಿಡುವಷ್ಟರಲ್ಲಿ, ಅಲ್ಲೊಂದು ಶಾಲು ಇತ್ತೆಂಬುದನ್ನು ನಾನೇ ಹೇಳಿಬಿಡುತ್ತೇನೆ.