ಜಗುಲಿಗೆ ಬಂದ ಒಲೆ

ಇದು ಕಳೆದ ಬೇಸಿಗೆಯಲ್ಲಿ ನಡೆದದ್ದು. ನಂಜನಗೂಡು ತಾಲ್ಲೂಕಿನ ಗಡಿಯ ಹಳ್ಳಿಯೊಂದರಲ್ಲಿ ನಾನು ಮನೆಮನೆ ಸಮೀಕ್ಷೆ ಮಾಡುತ್ತಿದ್ದೆ. ಕೊನೆಯ ಮನೆಯಲ್ಲಿ ಟ್ಯಾಬ್ಲೆಟ್ ತಬ್ಬಿಬ್ಬಾಯಿತು. ಜಗುಲಿಯಲ್ಲಿ ನಿಂತರೆ ನಂಜನಗೂಡು, ಅಡುಗೆಮನೆಗೆ ಹೋದರೆ ತಿ. ನರಸೀಪುರ ಎಂದು ತೋರಿಸುತ್ತಿತ್ತು. ನಮ್ಮ ನಿಯಮದ ಪ್ರಕಾರ ಒಲೆ ಯಾವ ತಾಲ್ಲೂಕಿನಲ್ಲಿದೆಯೋ ಮನೆಯವರೆಲ್ಲ ಅಲ್ಲಿಗೆ ಸೇರುತ್ತಾರೆ. ಅದನ್ನೇ ಹೇಳಿದೆ.

ನರಸೀಪುರ ಕಡೆಯಿಂದ ಮದುವೆಯಾಗಿ ಬಂದಿದ್ದ ಸೊಸೆ ಚಪ್ಪಾಳೆ ತಟ್ಟಿದಳು. “ಇನ್ಮೇಲೆ ಅತ್ತೇನೂ ನಮ್ ತಾಲ್ಲೂಕೇ ಕಣ್ರೀ!”

ಅತ್ತೆಯಾದ ಅಜ್ಜಿಗೆ ಸಿಟ್ಟು ನೆತ್ತಿಗೇರಿತು. “ನಂಜನಗೂಡಲ್ಲೇ ಉಟ್ಟಿ, ನಂಜನಗೂಡಲ್ಲೇ ಮುದುಕಿಯಾದೋಳು ನಾನು. ಈ ವಯಸ್ನಲ್ಲಿ ಎಲ್ಗೂ ಓಗಕಿಲ್ಲ. ಲೇ ಮಗಾ, ಎತ್ಲಾ ಆ ಒಲೇನ!”

ಒಲೆ ಸರಿಸಬಾರದೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಮಗ ಸಿಲಿಂಡರ್ ಹೊತ್ತ. ಮೊಮ್ಮಕ್ಕಳಿಬ್ಬರು ಸ್ಟೌ ಹಿಡಿದರು. ಸೊಸೆ ನಗು ತಡೆಯಲಾರದೆ ಸಾರಿನ ಪಾತ್ರೆ ಕುಲುಕಿಸುತ್ತ ಹಿಂದೆ ಬಂದಳು. ಮುದ್ದೆಯ ಪಾತ್ರೆ ನನ್ನ ಕೈಗೆ ಬಂತು. ಒಲೆ ಜಗುಲಿಯಲ್ಲಿ ಕುಳಿತ ಮೇಲೆ ಟ್ಯಾಬ್ಲೆಟ್ ಒತ್ತಿದೆ. ನಂಜನಗೂಡು!

ಅಜ್ಜಿ ಗೆದ್ದ ಖುಷಿಯಲ್ಲಿ ಅಲ್ಲೇ ಎಲ್ಲರಿಗೂ ಬಡಿಸಿದರು, ನನಗೂ. ಉಣ್ಣುತ್ತಲೇ ಮುಂದಿನ ಪ್ರಶ್ನೆ ಕೇಳಿದೆ. “ಈ ಒಲೆಯಲ್ಲಿ ಬೇಯಿಸಿದ್ದನ್ನ ಎಷ್ಟು ಜನ ಉಣ್ತೀರಜ್ಜಿ?”

“ತಟ್ಟೆ ಎಣಿಸ್ಕಳಿ ಸಾ.”

ಇದ್ದದ್ದು ಆರು ತಟ್ಟೆ. ನಾನು ತುಂಬಿಸಿದ ಸಂಖ್ಯೆ ಐದು.